ಹಸಿದು ಹೋಗಬಾರದ ಸೀಟು

ಶುಕ್ರವಾರ, ಬೆಳಗಿನ ಆರು ಗಂಟೆ. ಓಕ್ಲ್ಯಾಂಡ್ ಬಂದರಿನ ಕ್ರೇನುಗಳು ಮಂಜಿನಲ್ಲಿ ಅರ್ಧ ಕರಗಿವೆ. ಅಲ್ಲಿಂದ ಎರಡು ಬೀದಿ ಈಚೆಗೆ, ಒಂದು ತಗಡಿನ ಶೆಡ್ಡಿನಲ್ಲಿ ಆರು ಹಳೆಯ ಕಾರುಗಳು ನಿದ್ದೆಹೋದಂತೆ ನಿಂತಿವೆ. ಒಂದಕ್ಕೆ ಮಾಗಿದ ನೇರಳೆಹಣ್ಣಿನ ಬಣ್ಣ, ಇನ್ನೊಂದಕ್ಕೆ ಮೀನಿನ ರೆಕ್ಕೆಯಂಥ ಬಾಲ. ಇಂಥದೊಂದನ್ನು ಕೊಳ್ಳಬೇಕು, ಕೊಳ್ಳಬೇಕು ಎನ್ನುತ್ತಲೇ ಮುದುಕರಾದವರು ಈ ಊರಲ್ಲಿ ಎಷ್ಟೋ ಮಂದಿ. ಆ ಕಾರುಗಳ ನಡುವೆ ಹೊಲಿಗೆ ಮಷೀನೊಂದು ಎದ್ದು ಸದ್ದು ಮಾಡುತ್ತಿದೆ. ಅದರ ಮುಂದೆ ಕೂತವರು ಐವತ್ತೆಂಟರ ಬದರುನ್ನಿಸಾ. ಗದಗ-ಬೆಟಗೇರಿಯವರು. ತಲೆಯ ಮೇಲೆ ದುಪಟ್ಟಾ, ತುಟಿಗಳ ನಡುವೆ ಎರಡು ಗುಂಡುಸೂಜಿ.

"ಸೂಜಿ ಬಾಯಾಗ ಇದ್ದಾಗ ಮಾತಾಡಸಬ್ಯಾಡ್ರಿ," ಎಂದು ಅವನ್ನು ತೆಗೆದು ಹೇಳುತ್ತಾರೆ. "ಒಮ್ಮೆ ಶುರು ಆದ್ರ ನನ್ನ ಬಾಯಿ ನಿಲ್ಲಂಗಿಲ್ಲ. ನುಂಗೇ ಬಿಡ್ತೇನಿ."

ಬದರುನ್ನಿಸಾ ಹೊಲಿಯುವುದು ಇಲ್ಲಿ ಹೊಸ ಜೀವ ಪಡೆಯುವ ಈ ಕನಸಿನ ಕಾರುಗಳ ಸೀಟು. ಚರ್ಮವನ್ನು ಮಡಿಕೆ ಮಡಿಕೆಯಾಗಿ ಹೊಲಿದು, ಪ್ರತಿ ಮಡಿಕೆಯೊಳಗೂ ಚಪ್ಪಟೆ ಕೋಲಿನಿಂದ ಹತ್ತಿ ತುಂಬಬೇಕು. ಆಗ ಸೀಟಿನ ಮೇಲೆ ಉದ್ದಕ್ಕೆ ದುಂಡನೆಯ ಸಾಲುಗಳು ಏಳುತ್ತವೆ. ಒಂದು ಸೀಟಿಗೆ ಇಪ್ಪತ್ತೆರಡು ಸಾಲು, ಬೆನ್ನಿಗೆ ಮತ್ತೆ ಇಪ್ಪತ್ತೆರಡು. ದಿನಕ್ಕೆ ಐದು ಸಾಲು ಮುಗಿದರೆ ಹೆಚ್ಚು. ಚರ್ಮದ ಮೇಲೆ ಸೂಜಿ ತಪ್ಪಿದರೆ ಬಿಚ್ಚಿ ಹೊಲಿಯುವಂತಿಲ್ಲ, ತೂತು ಉಳಿದೇಹೋಗುತ್ತದೆ. ಹದಿಮೂರು ವರ್ಷದಲ್ಲಿ ಎಪ್ಪತ್ತೊಂದು ಕಾರು ಅವರ ಕೈ ದಾಟಿವೆ. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ.

ಅಮೆರಿಕಕ್ಕೆ ಬಂದ ಹೊಸದರಲ್ಲಿ ಅವರು ಸನ್ನಿವೇಲ್‌ನ ಕನ್ನಡ ಮನೆಗಳಿಗೆ ಸೀರೆಯ ಜಂಪರ್ ಹೊಲಿಯುತ್ತಿದ್ದರು. ಗಂಡ ಇಕ್ಬಾಲ್ ಬಂದರಿನಲ್ಲಿ ಟ್ರಕ್ ಓಡಿಸುತ್ತಾರೆ. ಒಮ್ಮೆ ಈ ಶೆಡ್ಡಿಗೆ ಇಂಜಿನ್ ಇಳಿಸಲು ಬಂದವರು, ಹರಿದ ಸೀಟೊಂದನ್ನು ಕಂಡು "ನನ್ನ ಹೆಂಡತಿ ಹೊಲೀತಾಳ" ಎಂದುಬಿಟ್ಟರಂತೆ. "ನನ್ನ ಕೇಳ್ಲೇ ಇಲ್ರಿ. ನಾ ಅಲ್ಲೀತನಕ ಕಾರಿನ ಸೀಟು ಮುಟ್ಟಿದ್ದು ಕುಂಡ್ರಾಕ ಅಷ್ಟ." ಆದರೆ ಕೌದಿ ಗೊತ್ತಿತ್ತು. ಅವರ ಅಮ್ಮಿ ಬೆಟಗೇರಿಯ ಓಣಿಗೆಲ್ಲ ಕೌದಿ ಹೊಲಿದುಕೊಟ್ಟವರು. ಹಳೆಯ ಬಟ್ಟೆ ಪದರ ಹಾಕಿ, ಸಾಲು ಸೊಟ್ಟಾಗದಂತೆ ಹೊಲಿಯುವುದನ್ನು ಮಗಳು ಆ ಮಡಿಲಲ್ಲೇ ಕಲಿತಿದ್ದರು.

ಅಮ್ಮಿಯಿಂದ ಬಂದದ್ದು ಇನ್ನೊಂದಿದೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಡಬೇಕು. "ಹಸದ ಕೌದಿ ಹೊತಗೊಂಡವ್ರಿಗೆ ನಿದ್ದಿ ಕೊಡಂಗಿಲ್ಲಂತ ಅಮ್ಮಿ ಹೇಳ್ತಿದ್ರು," ಎನ್ನುತ್ತಾರೆ. ಸೀಟಿಗೂ ಅವರು ಹಾಗೇ ಉಣಿಸಿದರು, ಯಾರಿಗೂ ಹೇಳದೆ. ಮೂರು ವರ್ಷದ ಹಿಂದಿನ ಬೇಸಿಗೆಯವರೆಗೆ ಗುಟ್ಟು ನಡೆಯಿತು. ಆಮೇಲೊಂದು ಭಾನುವಾರ, ಕಾರುಗಳ ಮೇಳದಲ್ಲಿ, ಬಿಳಿ ಪ್ಯಾಂಟಿನ ಗಿರಾಕಿಯೊಬ್ಬರು ತಮ್ಮ ಆಕಾಶನೀಲಿ ಕಾರಿನಿಂದ ಚಂಗನೆ ಹಾರಿ ಇಳಿದರು. ಸೀಟಿನೊಳಗೆ ಇರುವೆಗಳ ಸಂಸಾರ.

ಶೆಡ್ಡಿನ ಯಜಮಾನ ರೂಬೆನ್ ಅಂದು ನಕ್ಕರು. ಮರುದಿನ ಆ ಸೀಟು ಬಿಚ್ಚಿಸಿ, ಇನ್ನು ಮೇಲೆ ಸೀಟಿನೊಳಗೆ ಊಟ ಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮಗಳು ಅಮ್ರೀನ್, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ಈಗಲೂ ಛೇಡಿಸುತ್ತಾಳೆ: "ಮಮ್ಮಿ, ಇಟ್ಸ್ ಎ ಕಾರ್, ನಾಟ್ ಎ ಗೆಸ್ಟ್." ಅಂದಿನಿಂದ ಹದಿನಾಲ್ಕು ಸೀಟು ಹಸಿದೇ ಹೋಗಿವೆ. ಬದರುನ್ನಿಸಾ ಅವುಗಳ ಲೆಕ್ಕ ಇಟ್ಟಿದ್ದಾರೆ. "ಹದಿನಾಕು ಮಂದೀನ ಮನ್ಯಾಗಿಂದ ಉಪವಾಸ ಕಳಿಸ್ದಂಗ ಆಗೇತ್ರಿ."

ಈಗ ಮಷೀನಿನ ಮೇಲಿರುವುದು ಹದಿನೈದನೆಯದು, ಕ್ಲಾರೆನ್ಸ್ ಎಂಬುವವರ ೧೯೪೦ರ ಫೋರ್ಡ್‌ಗೆ. ಕ್ಲಾರೆನ್ಸ್ ಈ ಊರಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವರು. ತುಕ್ಕು ಹಿಡಿದ ಈ ಕಾರನ್ನು ನಲವತ್ತನಾಲ್ಕು ವರ್ಷದ ಹಿಂದೆ ಕೊಂಡು, ಒಂದೊಂದೇ ಭಾಗ ಕೂಡಿಸುತ್ತ ಬಂದಿದ್ದಾರೆ. ಇನ್ನು ಉಳಿದದ್ದು ಸೀಟು ಮಾತ್ರ. ಆದರೆ ಕಣ್ಣು ಮಂದವಾಗುತ್ತಿದೆ. ಸೋಮವಾರ ಎಂಬತ್ತು ತುಂಬುತ್ತದೆ, ಅಂದೇ ಲೈಸೆನ್ಸ್ ತಾವಾಗಿ ಒಪ್ಪಿಸಿಬಿಡುತ್ತಾರೆ. ಭಾನುವಾರ ಶೆಡ್ಡಿಗೆ ರಜೆ. ನಾಳೆ ಬೆಳಿಗ್ಗೆಗೆ ಸೀಟು ಸಿದ್ಧವಾಗದಿದ್ದರೆ, ತಮ್ಮ ಕಾರನ್ನು ಅವರು ಒಮ್ಮೆಯೂ ಓಡಿಸದೇ ಉಳಿಯುತ್ತಾರೆ.

ಹತ್ತು ಗಂಟೆಗೆ ಕ್ಲಾರೆನ್ಸ್ ಬಂದಾಗ ಕೊನೆಯ ಹೊಲಿಗೆಯೊಂದೇ ಬಾಕಿ. ಮಷೀನು ನಿಂತಿದೆ. ಬದರುನ್ನಿಸಾ ಸೀಟಿನ ತೆರೆದ ಮೂಲೆಗೆ ಕೈಯಿಟ್ಟುಕೊಂಡು ಕೂತಿದ್ದಾರೆ.

"ನೋ ಫುಡ್, ಬದರ್," ಎನ್ನುತ್ತಾರೆ ರೂಬೆನ್ ದೂರದಿಂದಲೇ. ಆ ಕೂರುವ ಭಂಗಿ ಅವರಿಗೆ ಗೊತ್ತು.

ಕ್ಲಾರೆನ್ಸ್‌ಗೆ ವಿಷಯ ತಿಳಿಯಲು ಐದು ನಿಮಿಷ ಬೇಕಾಗುತ್ತದೆ. ಬದರುನ್ನಿಸಾರ ಇಂಗ್ಲಿಷ್ ಅರ್ಧ, ಕೈಸನ್ನೆ ಅರ್ಧ. ಕೇಳಿ ಮುಗಿಸಿದ ಕ್ಲಾರೆನ್ಸ್ ರೂಬೆನ್ ಕಡೆ ತಿರುಗಿ, "ಸೀಟು ಯಾರದಪ್ಪಾ?" ಎನ್ನುತ್ತಾರೆ.

"ನಿಮ್ಮದೇ. ಇರುವೆಗಳೂ ನಿಮ್ಮವೇ ಆಗ್ತವೆ."

"ಸಕ್ಕರೆ ಬದಲು ಉಪ್ಪು ಇಟ್ಟರೆ?"

"ಸ್ಪ್ರಿಂಗಿಗೆ ತುಕ್ಕು. ನಲವತ್ತನಾಲ್ಕು ವರ್ಷ ಉಜ್ಜಿ ತೆಗೆದಿದ್ದನ್ನೇ ಮತ್ತೆ ಹಾಕ್ತೀರಾ?"

ಬದರುನ್ನಿಸಾ ಎದ್ದು ತಮ್ಮ ಊಟದ ಚೀಲ ತರುತ್ತಾರೆ. ಒಳಗೆ ಚಹಾದ ಸಕ್ಕರೆಯ ಪುಟ್ಟ ಡಬ್ಬಿ. ಮುಚ್ಚಳ ತೆಗೆದರೆ ಸಕ್ಕರೆಯ ಮೇಲೆ ನಾಲ್ಕು ಲವಂಗ. "ಇರವಿ ಬರಬಾರ್ದಂತ ನಾನೇ ದಿನಾ ಹಾಕ್ತೇನಿ," ಎಂದು ಹಣೆ ಬಡಿದುಕೊಳ್ಳುತ್ತಾರೆ. "ಮೂರ್ ವರ್ಷ ಕಣ್ಣ ಮುಂದ ಐತಿ. ಎಂಥಾ ಹುಚ್ಚಿ ನೋಡ್ರಿ ನಾನು." ಸಕ್ಕರೆ ಬಿಟ್ಟು ನಾಲ್ಕು ಲವಂಗ ಮಾತ್ರ ಮೂಲೆಗೆ ಸೇರುತ್ತವೆ. ಇದು ಊಟ ಆಗುತ್ತದೆಯೇ ಎಂದರೆ, "ಊಟ ಆದಮ್ಯಾಲೆ ಲವಂಗ ಕೊಡೂದಲ್ಲರಿ? ಹೊಟ್ಟಿ ತುಂಬೇತಂತ ತಿಳಕೋತೈತಿ," ಎನ್ನುತ್ತಾರೆ. ರೂಬೆನ್ ಆ ಮೂಲೆಗೆ ಬಗ್ಗಿ ಮೂಸಿ ನೋಡಿ, ತಲೆ ಆಡಿಸಿ, ಇಂಜಿನ್ ಕಡೆ ಹೋಗುತ್ತಾರೆ. ಸೂಜಿ ಮತ್ತೆ ಓಡುತ್ತದೆ.

ಶನಿವಾರ ಬೆಳಿಗ್ಗೆ ಮಂಜು ಬೇಗ ಸರಿದಿದೆ. ಕಡುಗೆಂಪು ಫೋರ್ಡ್ ಶೆಡ್ಡಿನ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಿದೆ. ಕ್ಲಾರೆನ್ಸ್ ಮೆಲ್ಲಗೆ ಒಳಗೆ ಇಳಿದು ಕೂತು, ಅಂಗೈಯಿಂದ ಸಾಲುಗಳನ್ನು ಒಂದೊಂದಾಗಿ ಸವರುತ್ತಾರೆ. "ಮೂವತ್ತೊಂದು ವರ್ಷ ಊರನ್ನೆಲ್ಲ ಕೂರಿಸಿಕೊಂಡು ಓಡಾಡಿದೆ," ಎನ್ನುತ್ತಾರೆ. "ನಾನು ಕೂತಿದ್ದ ಸೀಟು ಒಂದು ದಿನವೂ ನನ್ನದಾಗಿರಲಿಲ್ಲ." ಕಾರು ಒಮ್ಮೆ ನಡುಗಿ, ಗುಡ್ಡದ ರಸ್ತೆಯತ್ತ ಹೊರಡುತ್ತದೆ. ಮೇಲೆ ಹೋದರೆ ಇಡೀ ಕೊಲ್ಲಿ, ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋ, ಎಲ್ಲ ಕಾಣುತ್ತವೆ.

ಕಾರು ನೋಡಲು ಬಂದವರು ಬಣ್ಣ ಯಾರದು ಎನ್ನುತ್ತಾರೆ, ಇಂಜಿನ್ ಯಾವುದು ಎನ್ನುತ್ತಾರೆ. ಸೀಟು ಹೊಲಿದವರು ಯಾರೆಂದು ಯಾರೂ ಕೇಳುವುದಿಲ್ಲ. ಬೇಜಾರಾಗುವುದಿಲ್ಲವೇ? ಬದರುನ್ನಿಸಾ ಬಾಗಿಲಲ್ಲಿ ನಿಂತು, ದುಪಟ್ಟಾಕ್ಕೆ ಅಂಟಿದ ಹತ್ತಿ ಬಿಡಿಸುತ್ತಿದ್ದಾರೆ. ಕಣ್ಣು ಮಾತ್ರ ಗುಡ್ಡದ ತಿರುವಿನ ಮೇಲೆ.

"ಮಂದಿ ಕುಂತಮ್ಯಾಲೆ ಸೀಟು ಹೆಂಗ ಕಾಣಬೇಕ್ರಿ?" ಎನ್ನುತ್ತಾರೆ. "ಅವ್ರು ತಿರುಗಿ ಬರೂತನಕ ನಿಂದರ್ತೇನಿ. ಕುಂತಾವ್ರ ಮಾರಿ ಕಾಣ್ತೈತಲ್ಲ, ಸಾಕು."