ಹಿಂದಿನ ಸಾಲಿನ ಹಸಿರು ಲಂಗ

"ಕೂತ್ಕೊಳ್ಳಮ್ಮ, ಕಾಣಿಸ್ತಿಲ್ಲ" ಎಂದು ನಾನು ಸಿಡುಕಿದರೂ ಮುಂದಿನ ಸೀಟಿನ ಹೆಂಗಸು ಕೂರಲಿಲ್ಲ. ನಂಜನಗೂಡಿನ ಟಾಕೀಸಿನಲ್ಲಿ ಮ್ಯಾಟಿನಿ ನಡೆಯುತ್ತಿತ್ತು. ಪರದೆಯ ಮೇಲೆ ನಾಯಕ, ನಾಯಕಿ, ಅವರ ಹಿಂದೆ ಒಂದು ಸಾಲು ಹುಡುಗಿಯರು ಕುಣಿಯುತ್ತಿದ್ದರು. ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ಬಂದ ಹೊಸ ಚಿತ್ರಗಳನ್ನೆಲ್ಲ ನೋಡಿದ್ದ ನನಗೆ ಇದೇ ಅತಿ ಕೆಟ್ಟದ್ದೆನಿಸಿತ್ತು. ಕಥೆಗೆ ತಲೆಬುಡವಿರಲಿಲ್ಲ, ಹಾಸ್ಯಕ್ಕೆ ನಗು ಬರುತ್ತಿರಲಿಲ್ಲ. ಇಂಟರ್‌ವಲ್‌ಗೆ ಎದ್ದು ಹೋಗಲು ಚಡಪಡಿಸುತ್ತಿದ್ದೆ.

ಹಾಡು ಮುಗಿದ ಮೇಲೆ ಆಕೆ ಕೂತು, ನನ್ನತ್ತ ತಿರುಗಿದರು. "ಬೇಜಾರ್ ಮಾಡ್ಕೋಬ್ಯಾಡ ಕಣಪ್ಪ. ಇಂದ್ಗಡೆ ಅಸ್ರು ಲಂಗದಲ್ಲಿ ಕುಣೀತಿದ್ಲಲ್ಲ, ಅವ್ಳು ನನ್ ಮಗ್ಳು. ಮನೆ ಬುಟ್ಟು ಓಗಿ ಎರಡು ವರ್ಸಾಯ್ತು. ಇನ್ನೊಂದ್ಸಲ ಬತ್ತಾಳಾ?"

ನನಗೆ ಗೊತ್ತಿರಲಿಲ್ಲ. ಹಿಂದೆ ಕುಣಿಯುವವರ ಮುಖವನ್ನು ನಾನೆಂದೂ ಗಮನಿಸಿದವನಲ್ಲ. ಇಂಟರ್‌ವಲ್‌ನಲ್ಲಿ ಏಳಲು ಮನಸ್ಸಾಗಲಿಲ್ಲ. ಆಮೇಲಿನ ಹಾಡುಗಳಿಗೆಲ್ಲ ಸೀಟಿನ ತುದಿಗೆ ಬಂದು, "ಇವಳಾ ನೋಡಿ" ಎನ್ನುತ್ತಿದ್ದೆ. ಆಕೆ ಅಲ್ಲವೆಂದು ತಲೆಯಾಡಿಸುತ್ತಿದ್ದರು. ಮಗಳು ಮತ್ತೆ ಬರಲೇ ಇಲ್ಲ.

ಹೊರಗೆ ಬಂದಾಗ, ನಾಳೆ ಆಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಚಿತ್ರ ನಾಳೆಯಿಂದ ಇಲ್ಲಿಲ್ಲ, ತಿ. ನರಸೀಪುರದಲ್ಲಿ ಎಂದೆ.

"ಅಂಗಾದ್ರೆ ಅಲ್ಗೇ ಓಯ್ತೀನಿ. ನಗ್ತಾ ಇದ್ಲಲ್ವಾ, ನೀನೂ ನೋಡ್ದೆ ತಾನೆ?"

"ಹೂನಮ್ಮ" ಎಂದೆ. ಆಕೆ ಹುಲ್ಲಹಳ್ಳಿ ಬಸ್ಸು ಹತ್ತಿದರು.

ನಾನು ನೋಡಿರಲಿಲ್ಲ. ಅದೇ ಕೊರೆಯತೊಡಗಿ, ಆ ವಾರವೇ ನರಸೀಪುರಕ್ಕೆ ಹೋಗಿ, ನಾನೇ ಬೈದುಕೊಂಡಿದ್ದ ಚಿತ್ರಕ್ಕೇ ಮತ್ತೆ ಟಿಕೆಟ್ ಕೊಂಡೆ. ಹಸಿರು ಲಂಗದ ಹುಡುಗಿ ಹಾಡು ಮುಗಿಯುವವರೆಗೂ ನಗುತ್ತಲೇ ಇದ್ದಳು. ಆ ನಗು ಕ್ಯಾಮೆರಾಕ್ಕಾಗಿಯೋ, ನಿಜವಾದದ್ದೋ, ನನಗಿನ್ನೂ ತಿಳಿದಿಲ್ಲ.