ಮೇಷ್ಟ್ರ ಹಂಡೆ ಒಲೆ

ಚನ್ನರಾಯಪಟ್ಟಣದ ನಮ್ಮ ಬಡಾವಣೆಯಲ್ಲಿ ಯಾರು ತೆಂಗಿನ ಗರಿ ಸುಟ್ಟರೂ ಎದುರುಮನೆಯ ಡ್ರಿಲ್ ಮೇಷ್ಟ್ರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದುಬಿಡುತ್ತಿದ್ದರು. ಬೈಯುತ್ತಿರಲಿಲ್ಲ. ‘ಗಾಳಿಗೇನು ಕಾಂಪೌಂಡ್ ಐತೇನ್ರಪ್ಪಾ?’ ಎಂದು ಕೇಳಿ, ಬೆಂಕಿ ಆರುವವರೆಗೂ ಅಲ್ಲೇ ನಿಲ್ಲುತ್ತಿದ್ದರು.

ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಪುಟ್ಟ ಯಂತ್ರವೊಂದನ್ನು ತರಿಸಿ ಹಿತ್ತಿಲ ಗೋಡೆಗೆ ನೇತುಹಾಕಿದರು. ದಿನಾ ಬೆಳಿಗ್ಗೆ ಅದರಲ್ಲಿ ಕೆಂಪು ದೀಪ. ಬೀದಿಯೆಲ್ಲ ಸುತ್ತಿ ಬಂದರೂ ಎಲ್ಲೂ ಬೆಂಕಿಯಿಲ್ಲ. ಕೊನೆಗೆ ನನ್ನ ಹೆಂಡತಿ ನಮ್ಮ ತಾರಸಿಯಿಂದ ಹೇಳಿದಳು: ‘ಮೇಷ್ಟ್ರೇ, ನಿಮ್ಮನೆ ಬಚ್ಚಲ ಹೊಗೆಗೂಡು ನೋಡಿ.’ ಸ್ನಾನದ ಹಂಡೆಯೊಲೆಗೆ ತೆಂಗಿನ ಮಟ್ಟೆ ತುರುಕಿಟ್ಟೇ ಅವರು ಬೀದಿ ಸುತ್ತಲು ಹೊರಡುತ್ತಿದ್ದದ್ದು.

‘ಯಂತ್ರಾನ ಮುಂದಿನ ಗೋಡೆಗೆ ಹಾಕ್ಬುಡಿ ಸಾ’ ಎಂದೆ.

‘ಗಾಳಿಗೇನು ಕಾಂಪೌಂಡ್ ಐತೇನಪ್ಪಾ?’ ಎಂದು ನಕ್ಕು, ಅವತ್ತೇ ಒಲೆ ಆರಿಸಿದರು. ಆಮೇಲೆ ತಾರಸಿಗೆ ಸೋಲಾರ್ ಬಂತು, ಯಂತ್ರದಲ್ಲಿ ಹಸಿರು ದೀಪ ಬಂತು.

ಆದರೆ ದೀಪಾವಳಿಯಲ್ಲಿ, ನೀರು ತುಂಬುವ ಹಬ್ಬದ ಮಾರನೇ ಬೆಳಿಗ್ಗೆ, ಅವರ ಹಿತ್ತಿಲಲ್ಲಿ ಹೊಗೆ ಎದ್ದಿತು. ಇಣುಕಿ ನೋಡಿದೆ. ಸುಣ್ಣ, ಕೆಮ್ಮಣ್ಣು ಬಳಿದ ಹಂಡೆಯ ಮುಂದೆ ಮೇಷ್ಟ್ರು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಸುಖವಾಗಿ ಕೂತಿದ್ದರು. ಹೆಗಲ ಮೇಲೆ ಟವೆಲ್ ಇರಲಿಲ್ಲ. ಅದನ್ನು ಯಂತ್ರದ ಮುಖಕ್ಕೆ ಹೊದಿಸಿದ್ದರು.