ಹಳ್ಳದಾಚೆ ಒಂದು ಕಡಲೆಕಾಳು

ಬೆಳಿಗ್ಗೆ ಏಳಕ್ಕೆ ನೌಬಾದದ ಮನೆಯಿಂದ ಹೊರಟೆ. ಚೊಚ್ಚಲ ಹೆರಿಗೆಗೆಂದು ಬಂದಿರುವ ಮಗಳಿಗೆ ಗುಳಿಗೆ ತಪ್ಪಿಸಬೇಡ ಎಂದೆ, ಗಂಡನಿಗೆ ಹಾಲು ಉಕ್ಕಿಸಬೇಡಿ ಎಂದೆ. ಅಷ್ಟರಲ್ಲಿ ಬಸ್ಸು ಬಂತು. ನನ್ನ ಹಳೆಯ ವಿದ್ಯಾರ್ಥಿನಿ ಮಹಾದೇವಿ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಊರಿನ ಆರೋಗ್ಯಕ್ಕೆ ಮೊದಲು ಏನು ಬೇಕೆಂದು ಊರವರೇ ಕೂತು ಗೊತ್ತುಮಾಡುತ್ತಾರೆ, ಬಂದು ನೋಡಿ ಎಂದು ಕರೆದಿದ್ದಳು. ಶಾಲೆಯಿಂದ ನಿವೃತ್ತಳಾದ ಮೇಲೆ ಊರ ಉಸಾಬರಿಯೇ ನನ್ನ ಉದ್ಯೋಗ. ಬೇಡ ಎನ್ನುವ ಪ್ರಶ್ನೆಯೇ ಇರಲಿಲ್ಲ.

ಔರಾದಿಗೆ ನೇರ ಬಸ್ಸುಂಟು. ಆದರೂ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಎಂಬ ಧೈರ್ಯದ ಮೇಲೆ ಭಾಲ್ಕಿ, ಕಮಲನಗರ ಸುತ್ತಿಕೊಂಡು ಹೋದೆ. ಭಾಲ್ಕಿ ನಿಲ್ದಾಣದ ಎದುರು ಮಂಡಕ್ಕಿಯ ಬಿಸಿ ಸುಸಲಾ ತಿಂದು ಚಹಾ ಕುಡಿದೆ. ಜೂನ್ ಮೊದಲ ವಾರ, ಮೋಡವಿತ್ತು, ಮಳೆ ಇರಲಿಲ್ಲ. ಕಮಲನಗರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನನ್ನ ಜಾತಕವನ್ನೆಲ್ಲ ವಿಚಾರಿಸಿದಳು. ಮನೆಯಲ್ಲಿ ಎಷ್ಟು ಮಂದಿ ಎಂದಾಗ, ಗಂಡ ಮತ್ತು ನಾನು, ಇಬ್ಬರೇ ಎಂದೆ.

ಔರಾದಿನಿಂದ ಆಟೊ ಹಿಡಿದು ಹಳ್ಳಿ ಮುಟ್ಟಿದಾಗ ಹನ್ನೊಂದೂವರೆ. ಸಮುದಾಯ ಭವನದ ಅಂಗಳದಲ್ಲಿ ಹೆಂಗಸರು ರಂಗೋಲಿಯಿಂದ ಇಡೀ ಊರನ್ನೇ ಬರೆದಿದ್ದರು: ಓಣಿ, ಬಾವಿ, ಶಾಲೆ, ಊರಾಚೆ ಒಂದು ಹಳ್ಳ, ಹಳ್ಳದಾಚೆ ಎಂಟು ಮನೆ. ಬಿ.ಪಿ., ಶುಗರ್ ಇದ್ದವರ ಮನೆಗೆ ಜೋಳ, ಬಸುರಿ ಇದ್ದ ಮನೆಗೆ ಕಡಲೆಕಾಳು ಇಡಬೇಕು. ಕಾಳು ಎಲ್ಲಿ ಹೆಚ್ಚೋ ಅಲ್ಲಿನ ಕೆಲಸ ಪಂಚಾಯತಿಗೆ ಕಳಿಸುವ ಪಟ್ಟಿಯಲ್ಲಿ ಮೊದಲು. ಎಷ್ಟು ಸರಳ ಲೆಕ್ಕ ಎಂದು ನನಗೆ ಬೆರಗಾಯಿತು.

ಮಹಾದೇವಿ ತನ್ನ ಪಟ್ಟಿ ಓದುತ್ತ ಹಳ್ಳದ ಈಚೆಯ ಮೂರು ಮನೆಗಳಿಗೆ ಕಡಲೆ ಇಟ್ಟಳು. ಹಳ್ಳದಾಚೆ ಜೋಳದ ನಾಲ್ಕು ಕಾಳು ಮಾತ್ರ. ಪಂಚಾಯತಿ ಸದಸ್ಯ ಮಾಣಿಕಪ್ಪ ಎದ್ದು, ಹಳ್ಳಕ್ಕೆ ಬೇಕಾದ ಕಿರುಸೇತುವೆ ಮುಂದಿನ ವರ್ಷ ನೋಡೋಣ, ಈ ಸಲ ನೀರಿನ ಫಿಲ್ಟರ್ ಬರೆಯಿರಿ ಎಂದ.

ನನಗೊಂದು ಅನುಮಾನ. ಕಂಬಕ್ಕೆ ಒರಗಿ ಬಸುರಿಯೊಬ್ಬಳು ಕೂತಿದ್ದಳಲ್ಲ, ಅವಳ ಕಾಳು ಯಾವುದು? ಕೇಳಿಯೇಬಿಟ್ಟೆ.

"ಆಕಿ ಸುನೀತಾ. ಹಳ್ಳದಾಚಿ ಮನಿ ಮಗಳು, ಉದಗೀರಕ್ಕ ಕೊಟ್ಟಾರ," ಎಂದ ಮಾಣಿಕಪ್ಪ. "ಹಡಿಯಾಕ ಬಂದಾಳ್ರಿ ಟೀಚರ್. ಮೆಹಮಾನ್ ಇದ್ದಂಗ, ನಾಕ ದಿನ ಇದ್ದು ಹೋಗಾಕಿ. ಬೀಗರ ಊರಾಕಿನ್ನ ನಮ್ಮ ಊರಾಗ ಹ್ಯಾಂಗ ಎಣಸಾದ್ರಿ?"

ಆಗ ಉಳಿದ ಮೂರು ಕಡಲೆಗಳ ಕಥೆಯೂ ಹೊರಬಿತ್ತು. ಆ ಮನೆಗಳ ಸೊಸೆಯರು ಹೆರಿಗೆಗೆಂದು ತವರಿಗೆ ಹೋಗಿ ತಿಂಗಳಾಗಿತ್ತು. ಹೋದವರನ್ನು ಎಣಿಸಿದ್ದರು, ಕಣ್ಣೆದುರು ಕೂತವಳನ್ನು ಬಿಟ್ಟಿದ್ದರು. ಮಹಾದೇವಿ ನಾಲಿಗೆ ಕಚ್ಚಿಕೊಂಡಳು. ಸುನೀತಾಳಿಗೆ ದಿನ ತುಂಬುವುದು ಜುಲೈ ಕೊನೆಗೆ. ಅಷ್ಟರಲ್ಲಿ ಹಳ್ಳ ತುಂಬಿದರೆ ಆಂಬುಲೆನ್ಸ್ ಈಚೆ ದಡದಲ್ಲೇ ನಿಲ್ಲುತ್ತದೆ.

ಸುನೀತಾ ಸೊಂಟ ಹಿಡಿದುಕೊಂಡು ಎದ್ದಳು. ದನಿ ಏರಿಸಲಿಲ್ಲ.

"ಹಳ್ಳಕ್ಕ ನೀರು ಬಂದಾಗ, ನೀ ಯಾ ಊರಾಕಿ ಅಂತ ಕೇಳ್ತದೇನ್ರಿ ಕಾಕಾ?"

ಮಾಣಿಕಪ್ಪ ತಾನೇ ಬಗ್ಗಿ, ಬಟ್ಟಲಿನಿಂದ ಒಂದು ಕಡಲೆ ತೆಗೆದು ಹಳ್ಳದಾಚೆ ಇಟ್ಟ. ಅದನ್ನು ನೋಡಿ ಇಬ್ಬರು ಮುದುಕಿಯರು ಹೆರಿಗೆಗೆಂದು ಬಂದಿರುವ ತಮ್ಮ ಮೊಮ್ಮಗಳಂದಿರ ಹೆಸರು ಹೇಳಿದರು. ಅವರ ಮನೆಗಳೂ ಹಳ್ಳದಾಚೆಯವೇ. ಪಟ್ಟಿಯಲ್ಲಿ ಕಿರುಸೇತುವೆ ಮೇಲೇರಿತು. ಅದು ಈ ಮಳೆಗಾಲಕ್ಕಂತೂ ಆಗದು. ಅದಕ್ಕೇ ಮೂವರೂ ಕಡೆಯ ತಿಂಗಳು ಈಚೆ ದಡದಲ್ಲಿ ಉಳಿಯಬೇಕೆಂದಾಯಿತು. ಸುನೀತಾಳಿಗೆ ಮಾಣಿಕಪ್ಪನ ಮನೆಯ ಪಡಸಾಲೆ ನಿಗದಿಯಾಯಿತು.

ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಮೂರಕ್ಕೆ ಹೊರಟೆ. ಈ ಸಲ ಔರಾದಿನಿಂದ ನೇರ ಬಸ್ಸು. ದಾರಿಯುದ್ದಕ್ಕೂ ಮಾಣಿಕಪ್ಪನ ತಪ್ಪನ್ನು ನೆನೆದು ಒಳಗೊಳಗೇ ನಗುತ್ತಿದ್ದೆ. ನೌಬಾದದಲ್ಲಿ ಇಳಿಯುವ ಹೊತ್ತಿಗೆ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದ ಬೆಳಗಿನ ಬಸ್ಸಿನ ಹೆಂಗಸು ನೆನಪಾದಳು. ನಗು ಅಲ್ಲಿಗೇ ನಿಂತಿತು.

ಬಾಗಿಲು ತೆರೆದ ಮಗಳನ್ನು ಮೊದಲು ಕೇಳಿದ್ದು, ನಮ್ಮ ಓಣಿಯ ಆಶಾ ನಿನ್ನ ಹೆಸರು ಬರೆದುಕೊಂಡಿದ್ದಾಳೆಯೇ ಎಂದು.

"ಬಂದಿದ್ಳವ್ವ ಹೋದ ವಾರ," ಎಂದಳು. "ಮನ್ಯಾಗ ಬಸುರಿ ಯಾರೂ ಇಲ್ಲಂತ ನೀನೇ ಹೇಳಿ ಕಳಿಸಿದಿ."